ಎಡಗಡೆ ಕ್ರ್ಯಾಂಕಿಗೆ ತಗಡು ಕೊಡೋದು ಬೇಡ: ನಮ್ಮನೆ ವಾಟ್ಸಾಪ್ ಗುಂಪಿನ ಚರ್ಚೆ

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ) ನೋಡ್ರಪ್ಪ, ಸೈಕಲ್ಲಿನ ಕ್ರ್ಯಾಂಕ್, ಅದೇ ಪೆಡಲ್ ಹಿಡಿದಿರೋ ತೋಳು, ಲೊಡಲೊಡ ಅಂದ್ರೆ ಕೂಲ್‌ಡ್ರಿಂಕ್ಸ್ ಡಬ್ಬಿ ಕತ್ತರಿಸಿ, ಆ ತಗಡನ್ನ ಒಳಗೆ ಕೊಟ್ಟು ಬೋಲ್ಟ್ ಹಾಕಿದ್ರೆ ಸಾಕಂತೆ. ಪುಟ್ಟನ ಸೈಕಲ್ಲಿಗೆ ಇವತ್ತೇ ಮಾಡಿಸಿ.

ಚಿಕ್ಕಮ್ಮ: ಒಳ್ಳೇದಾಯ್ತು ಭಾವನವರೇ. ಅಂಗಡೀಲಿ ಇಡೀ ಸೆಟ್ ಬದಲಾಯಿಸ್ಬೇಕು ಅಂದ್ಬಿಟ್ರು.

ನಾನು: ದೊಡ್ಡಪ್ಪ, ದಯವಿಟ್ಟು ಅದು ಬೇಡ. ಇಡೀ ಸೆಟ್ಟೂ ಬೇಡ. ಪುಟ್ಟ, ಬೋಲ್ಟ್ ಬಿಚ್ಚಿ ಎಡಗಡೆ ತೋಳು ಹೊರಗೆ ಬರುತ್ತಾ ನೋಡು.

ಪುಟ್ಟ: ಎಡಗಡೇದು ಉಲ್ಟಾ ತಿರುಗಿಸ್ಬೇಕಾ ಅಣ್ಣ?

ನಾನು: ಉಲ್ಟಾ ಮರೆ, ಅಂದ್ರೆ ಉಲ್ಟಾ ತಿರುಪು, ಇರೋದು ಎಡ ಪೆಡಲ್ಲಿಗೆ ಮಾತ್ರ. ಕ್ರ್ಯಾಂಕ್ ಬೋಲ್ಟ್ ಎರಡೂ ಕಡೆ ಸೀದಾನೇ.

ಪುಟ್ಟ: (ಫೋಟೊ) ಬೋಲ್ಟ್ ಕೈಬೆರಳಲ್ಲೇ ಬಂತು. ತೋಳೂ ಎಳೆದ ತಕ್ಷಣ ಬಂತು.

ನಾನು: ಎಲ್ಲರೂ ಈ ಫೋಟೊ ದೊಡ್ಡದು ಮಾಡಿ ನೋಡಿ. ಸರಿಯಾಗಿ ಕೂತ ತೋಳು ಪುಲ್ಲರ್ (ತೋಳು ಎಳೆದು ತೆಗೆಯೋ ಸಾಧನ) ಹಾಕದೆ ಬರೋದೇ ಇಲ್ಲ. ಇದು ಕೈಗೇ ಬಂದಿದೆ. ಚೌಕದ ತೂತಿನ ನಾಲ್ಕು ಮೂಲೆಯೂ ಉರುಟಾಗಿವೆ, ಸುತ್ತ ಕಪ್ಪು ಪುಡಿ ಮೆತ್ತಿದೆ. ಅದು ತೇದುಹೋದ ಅಲ್ಯುಮಿನಿಯಂ.

ಅಕ್ಕ: ಮಗಳು ಓಡಿಸ್ತಿದ್ದಾಗಲೇ ಕಟ್ ಕಟ್ ಅಂತಿತ್ತು ಕಣೋ. ಚೈನ್ ಇರ್ಬೇಕು ಅಂತ ಎಣ್ಣೆ ಬಿಟ್ವಿ.

ದೊಡ್ಡಪ್ಪ: ನಾನು ಮೂವತ್ತು ವರ್ಷ ಸೈಕಲ್ ತುಳಿದೋನು. ಕ್ರ್ಯಾಂಕ್ ಅಲ್ಲಾಡಿದ್ರೆ ಒಂದು ಕಾಟರ್ ಪಿನ್, ಅದೇ ತೋಳು ಬಿಗಿಯಾಗಿ ಹಿಡಿಯೋ ಬೆಣೆ, ಹಾಕಿಸ್ತಿದ್ವಿ, ಮುಗೀತು. ಪಿನ್ನೂ ಮಧ್ಯೆ ಒತ್ತಿ ಕೂರೋದೇ ತಾನೆ? ತಗಡು ಕೂತ್ರೆ ಏನು ತಪ್ಪು?

ನಾನು: ಸರಿಯಾದ ಪ್ರಶ್ನೆ ದೊಡ್ಡಪ್ಪ. ನಿಮ್ಮ ಸೈಕಲ್ಲಲ್ಲಿ ತೋಳು, ಅದು ಕೂರೋ ಆಕ್ಸಲ್ ಎರಡೂ ಉಕ್ಕು. ಸಡಿಲ ಆದ್ರೆ ಮೊದಲು ಪೆಟ್ಟು ತಿನ್ನೋದು ಪಿನ್ನು, ಅಗ್ಗದ ಸಣ್ಣ ಸಾಮಾನು. ಪುಟ್ಟನ ಸೈಕಲ್ಲಲ್ಲಿ ಆ ಪಿನ್ನೇ ಇಲ್ಲ. ಉಕ್ಕಿನ ಚೌಕ ಆಕ್ಸಲ್ ಮೇಲೆ ಅಲ್ಯುಮಿನಿಯಂ ತೋಳು ನೇರ ಕೂರುತ್ತೆ, ಬೋಲ್ಟ್ ಅದನ್ನ ಒಳಗೆ ಒತ್ತಿ ಹಿಡಿದಿರುತ್ತೆ. ಬೋಲ್ಟ್ ಸಡಿಲ ಆದ್ರೆ ಪ್ರತಿ ತುಳಿತಕ್ಕೂ ಉಕ್ಕು ಹೋಗಿ ಮೆತ್ತನೆ ಅಲ್ಯುಮಿನಿಯಂಗೆ ಗುದ್ದುತ್ತೆ. ಸವೆಯೋದು ತೋಳೇ. ಉರುಟಾದ ತೂತಿಗೆ ತಗಡು ಕೊಟ್ರೆ ನಾಲ್ಕು ದಿನ ನಿಲ್ಲಬಹುದು, ಆಮೇಲೆ ಅದೂ ಅರೆದುಹೋಗುತ್ತೆ. ಅವನು ಚಾಮುಂಡಿ ಬೆಟ್ಟ ಹತ್ತುವಾಗ ಎದ್ದು ನಿಂತು ತುಳೀತಾನೆ. ಆಗ ತೋಳು ಕಳಚಿದ್ರೆ ಬೀಳೋದು ರಸ್ತೆಗೆ, ಹಿಂದೆ ಬಸ್ಸು ಬರ್ತಿರುತ್ತೆ.

ದೊಡ್ಡಪ್ಪ: ಪಿನ್ನನ್ನೂ ಸುಮ್ನೆ ತುರುಕ್ತಿರಲಿಲ್ಲ ಕಣಯ್ಯ. ಚಪ್ಪಟೆ ಭಾಗ ಅರದಲ್ಲಿ ಉಜ್ಜಿ ಕೂರಿಸಿ, ತೋಳಿನ ಕೆಳಗೆ ಆಧಾರ ಕೊಟ್ಟು ಸುತ್ತಿಗೇಲಿ ಹೊಡೆದ ಮೇಲೇ ನಟ್ಟು. ನಟ್ಟಲ್ಲಿ ಎಳೆದು ಕೂರಿಸಿದ್ರೆ ಮರೆ ಕಿತ್ತೋಗುತ್ತೆ. ಒಂದೆರಡು ದಿನ ಓಡಿಸಿ ಮತ್ತೆ ಹೊಡೆದು ಬಿಗಿ ಮಾಡ್ತಿದ್ವಿ.

ನಾನು: ಅದೇ ಕೆಲಸ ಇಲ್ಲೂ ಆಗ್ಬೇಕಿತ್ತು, ಯಾರೂ ಮಾಡಿಲ್ಲ. ಸೈಕಲ್ ಮೂರು ಮನೆ ತಿರುಗಿದೆ, ಬೋಲ್ಟ್ ನೋಡಿದೋರು ಯಾರೂ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳ್ತಿದೀನಿ.

ಚಿಕ್ಕಮ್ಮ: ಈಗ ಏನು ತರ್ಬೇಕು ಹೇಳಪ್ಪ.

ನಾನು: ಎಡ ತೋಳು ಒಂದೇ ಬಿಡಿಯಾಗಿ ಸಿಗುತ್ತೆ, ಜೊತೆಗೆ ಹೊಸ ಬೋಲ್ಟ್. ಹಳೇ ತೋಳಿನ ಹಿಂಬದಿ, ಪೆಡಲ್ ತೂತಿನ ಹತ್ತಿರ 170 ಅಂತ ಒತ್ತಿದ್ರೆ ಹೊಸದೂ 170 ಮಿಮೀ ಇರ್ಬೇಕು. ಆಕ್ಸಲ್ ಚೌಕ ಒರೆಸಿ, ಮೂಲೆ ಚೂಪಾಗಿದೆಯಾ ನೋಡಿ. ಬೋಲ್ಟ್ 40 ನ್ಯೂಟನ್ ಮೀಟರ್ ಹತ್ತಿರ ಬಿಗಿ ಆಗ್ಬೇಕು. ಅಂದ್ರೆ ಕಾಲು ಮೀಟರ್ ಉದ್ದದ ಪಾನಾ ತುದಿಗೆ ಸುಮಾರು 16 ಕೆಜಿ ಭಾರ ಬಿದ್ದ ಹಾಗೆ. ಅಂಗೈಯಷ್ಟು ಉದ್ದದ ಪಾನಾದಲ್ಲಿ ಇದು ಆಗಲ್ಲ. ಮೊದಲ ಒಂದೆರಡು ಸವಾರಿ ಆದ್ಮೇಲೆ ಮತ್ತೆ ನೋಡ್ಬೇಕು. ಆಮೇಲೂ ಪದೇಪದೇ ಸಡಿಲ ಆಗ್ತಿದ್ರೆ ಜೋರಾಗಿ ತಿರುವೋದಲ್ಲ, ಬಿಚ್ಚಿ ತೂತು ನೋಡ್ಬೇಕು.

ಭಾವ: ನನ್ನ ಸೈಕಲ್ಲಿಗೂ 40 ಹಾಕ್ಲಾ?

ನಾನು: ಖಂಡಿತ ಬೇಡ ಭಾವ. ನಿಮ್ಮದು ಶಿಮಾನೊ ಕಂಪನಿಯ ಹಾಲೋಟೆಕ್ 2 ಅನ್ನೋ ಬೇರೆ ಬಗೆ ಕ್ರ್ಯಾಂಕ್. ಎಡ ತೋಳಿನ ಎರಡು ಸಣ್ಣ ಬೋಲ್ಟಿಗೆ 12ರಿಂದ 14 ಅಷ್ಟೇ. ಒಂದನ್ನೇ ಪೂರ್ತಿ ಬಿಗಿ ಮಾಡ್ದೆ ಎರಡನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ.

ದೊಡ್ಡಪ್ಪ: ವಿಡಿಯೊ ತೆಗೆದುಹಾಕ್ದೆ. ತೋಳಿನ ದುಡ್ಡು ನಾನು ಕೊಡ್ತೀನಿ. ಭಾನುವಾರ ದೊಡ್ಡ ಪಾನಾ ತಗೊಂಡು ಬಾ, ಪುಟ್ಟನ ಕೈಲೇ ಬಿಗಿ ಮಾಡಿಸೋಣ. ನನ್ನ ಸೈಕಲ್ಲಿನ ಬಲಗಡೆ ಪಿನ್ನೂ ಒಂಚೂರು ನೋಡು.