ಮನೆಯ ಹಿಂದಿನ ಇಳಿಜಾರಿನಲ್ಲಿ ಮಿಶ್ರ ತೋಟ: ಮಾಡಿ ನೋಡಿದವರು ಹೇಳಿ

ಹೊಸನಗರದವನು: ಮನೆಯ ಹಿಂದೆ ಒಂದೂವರೆ ಎಕರೆ ಇಳಿಜಾರು. ಅಪ್ಪ ನೆಟ್ಟ ಹಲಸು, ಮಾವಿನ ಮರಗಳಿವೆ. ಅವನ್ನು ಉಳಿಸಿಕೊಂಡು ಕಾಳುಮೆಣಸು, ಜಾಯಿಕಾಯಿ ಹಾಕುವ ಯೋಚನೆ. ಇಪ್ಪತ್ತು ವರ್ಷ ಬಾಳೀತೇ?

ಬೆಟ್ಟದಮನೆ, ಸಿದ್ದಾಪುರ: 2016ರಲ್ಲಿ ನಾನೂ ಇದೇ ಹುಮ್ಮಸ್ಸಿನಲ್ಲಿದ್ದೆ. ಪಣಿಯೂರು-1 ತಳಿಯ ಮೆಣಸಿನ ಬಳ್ಳಿ 320, ಒಂದಕ್ಕೆ 18 ರೂಪಾಯಿ. ಗುಂಡಿ ತೆಗೆಸಲು 11,200. ಗೊಬ್ಬರ ಎರಡು ಲೋಡು, ಅದರಲ್ಲಿ ಅರ್ಧ ಮಣ್ಣು. ಮೂರನೇ ವರ್ಷ ಫಸಲು ಕಚ್ಚಿತು. ಅದೇ ಆಗಸ್ಟ್ ಮಳೆಗೆ ಸೊರಗು ರೋಗ. ಬೆಳಿಗ್ಗೆ ಹೋಗಿ ನೋಡಿದರೆ ಎಲೆಯೆಲ್ಲ ಕಪ್ಪು, ಬಳ್ಳಿ ಗೆಣ್ಣು ಗೆಣ್ಣಿಗೆ ಕಳಚಿ ಬುಡದಲ್ಲಿ ರಾಶಿ. 212 ಬಳ್ಳಿಗಳನ್ನು ನಾನೇ ಎಣಿಸಿ ನಾನೇ ಸುಟ್ಟೆ.

ಮೂಡಿಗೆರೆ ಪ್ಲಾಂಟರ್: ರೋಗವನ್ನು ಬೈಯುವ ಮೊದಲು ತಲೆಯೆತ್ತಿ ನೆರಳು ನೋಡಬೇಕಿತ್ತು. ಮಳೆಗೆ ಮುಂಚೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿಸದವರ ತೋಟ ಹೀಗೆಯೇ ಆಗುವುದು. ನನ್ನದು ಸಿಲ್ವರ್ ಓಕ್, ನೆಟ್ಟಗೆ ಹೋಗುತ್ತದೆ, ಕಡಿಯಲು ಅರಣ್ಯ ಇಲಾಖೆಯ ಬಾಗಿಲು ಕಾಯಬೇಕಿಲ್ಲ. ಮಗಳ ಮದುವೆ ಅದರಲ್ಲೇ ಆಯಿತು.

ಶಿರಸಿಯ ಅಕ್ಕ: ಸಿಲ್ವರ್ ಓಕಿನ ಎಲೆ ಕೊಳೆಯುವುದಕ್ಕೆ ಎಷ್ಟು ಕಾಲ ಬೇಕೆಂದೂ ಹೇಳಿ ತಮ್ಮಾ. ನನ್ನ ಹಿತ್ತಲಲ್ಲಿ ಒಂಬತ್ತು ಹಲಸು, ಆರು ಮುರುಗಲು (ಕೋಕಂ). ಮರಕ್ಕೇನೂ ಕೇಡಿಲ್ಲ, ಹತ್ತುವವರಿಲ್ಲ. ಕೊನೆಗಾರನಿಗೆ ನಾಲ್ಕು ಸಲ ಫೋನು, ಬಂದದ್ದು ಐದನೆಯ ವಾರ. ಅಷ್ಟರಲ್ಲಿ ಹಲಸು ಮಂಗನ ಪಾಲು. ಮುರುಗಲು ಸಿಪ್ಪೆ ಅಂಗಳದಲ್ಲಿ ಅರ್ಧ ಒಣಗಿತ್ತು, ಮೇ ಕೊನೆಯ ಮಳೆಗೆ ಎರಡು ಕ್ವಿಂಟಲ್ ಬೂಸಲು. ಮಗ ಬೆಂಗಳೂರಿನಿಂದ ‘ಡ್ರೈಯರ್ ಕೊಳ್ಳಮ್ಮ’ ಎಂದ. ಹಣ ಅವನೂ ಕಳಿಸಲಿಲ್ಲ.

ಬೆಟ್ಟದಮನೆ: ಪ್ಲಾಂಟರ್ ಸ್ವಾಮಿಗಳೇ, ನೆರಳು ನನಗೂ ಗೊತ್ತು. ತಾಮ್ರದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಎರಡು ಸಲ ಹೊಡೆದಿದ್ದೇನೆ, ಬುಡಕ್ಕೂ ಸುರಿದಿದ್ದೇನೆ, ಮೇಲಿಂದ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ ಬೇರೆ.

ಮೂಡಿಗೆರೆ ಪ್ಲಾಂಟರ್: ಒಂದೇ ವಾರದಲ್ಲಿಯೋ? ಹಾಗಾದರೆ ದುಡ್ಡು ಕೊಟ್ಟು ತಂದ ಟ್ರೈಕೋಡರ್ಮಾವನ್ನು ತಾಮ್ರ ಹಾಕಿ ನೀವೇ ಕೊಂದಿರಿ.

ಬೆಟ್ಟದಮನೆ: ಹನ್ನೆರಡು ದಿನ ಬಿಟ್ಟು ಹಾಕಿದ್ದು. ಬಿಲ್ಲು ಇದೆ, ಬೇಕಾದರೆ ತೋರಿಸುತ್ತೇನೆ.

ಹೊಸನಗರದವನು: ಜಾಯಿಕಾಯಿಯ ವಿಷಯ ಯಾರೂ ಹೇಳಲಿಲ್ಲ.

ಶಿರಸಿಯ ಅಕ್ಕ: ಬೀಜದ ಗಿಡ ತರಬೇಡ, ಕಸಿ ತಾ. ನಾನು ಇಪ್ಪತ್ತು ನೆಟ್ಟೆ. ಏಳು ವರ್ಷ ನೀರು ಹೊತ್ತ ಮೇಲೆ ಹನ್ನೆರಡು ಗಂಡು, ಕಾಯಿ ಬಿಡದವು ಎಂದು ತಿಳಿಯಿತು.

ಮೂಡಿಗೆರೆ ಪ್ಲಾಂಟರ್: ಹನ್ನೆರಡು ದಿನ ಸಾಲದು. ಅದಿರಲಿ, ಸುಣ್ಣ ಯಾವುದು? ಪ್ಯಾಕೆಟ್ಟಿನದೋ, ಚಿಪ್ಪಿನದೋ?

ಬೆಟ್ಟದಮನೆ: ಅಜ್ಜನ ಕಾಲದಿಂದ ಅಡಿಕೆಗೆ ಬೋರ್ಡೋ ಹೊಡೆಯುವ ಮನೆ ನಮ್ಮದು. ಚಿಪ್ಪಿನ ಸುಣ್ಣ ತಂದು ಹಿಂದಿನ ರಾತ್ರಿಯೇ ನೆನೆಸಿಡುತ್ತೇವೆ.

ಮೂಡಿಗೆರೆ ಪ್ಲಾಂಟರ್: ತಯಾರಾದ ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡಿದಿರೋ, ಇಲ್ಲವೋ? ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ.

ಬೆಟ್ಟದಮನೆ: ಚಾಕು ನನ್ನದು ಸ್ಟೀಲಿನದು.

ಶಿರಸಿಯ ಅಕ್ಕ: ಅಯ್ಯೋ ದೇವರೇ.