ಹೈಸ್ಕೂಲಿನಲ್ಲಿ ಇತಿಹಾಸ ತಗೊಂಡವರು ದಯವಿಟ್ಟು ಅನುಭವ ಹೇಳಿ

ಹುಡುಗಿಯ ಅಮ್ಮ: ಮಗಳು ಹೈಸ್ಕೂಲಿನ ಕೊನೆಯ ಎರಡು ವರ್ಷಕ್ಕೆ ಇತಿಹಾಸ ತಗೋಬೇಕಾ, ಕಂಪ್ಯೂಟರ್ ತಗೋಬೇಕಾ ಅಂತ ಈ ವಾರ ತೀರ್ಮಾನ ಮಾಡಬೇಕು. ಅವಳಿಗೆ ಹಳೇ ಕಾಲದ ವಿಷಯ ಅಂದ್ರೆ ಜೀವ. ಆದರೆ ಬರೆಯೋದು ತುಂಬ ನಿಧಾನ. ಪೇಪರ್ ಮುಗಿಸ್ತಾಳಾ ಅನ್ನೋದೇ ನನ್ನ ಚಿಂತೆ.

ನೀಲಿ ಶಾಯಿ: ಕಣ್ಣು ಮುಚ್ಚಿ ಇತಿಹಾಸ ಕೊಡಿಸಿ. ನನಗೆ ಮೊದಲ ಪರೀಕ್ಷೆಯಲ್ಲಿ ಬಂದಿದ್ದು 100ಕ್ಕೆ 31. ಅದುವರೆಗೆ ಯಾವುದರಲ್ಲೂ 70ಕ್ಕಿಂತ ಕೆಳಗೆ ಇಳಿದವಳಲ್ಲ. ಮೊದಲ ಮಹಾಯುದ್ಧ ಯಾಕೆ ಶುರುವಾಯಿತು ಅಂತ ಪ್ರಶ್ನೆ. ನಾನು 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ ಹೇಗಾಯಿತು ಅಂತ ನಾಲ್ಕು ಪುಟ ತುಂಬಿಸಿದೆ. ಡ್ರೈವರ್ ತಪ್ಪು ದಾರಿಗೆ ಕಾರು ತಿರುಗಿಸಿದ್ದು, ಗುಂಡು ಹೊಡೆದ ಪ್ರಿನ್ಸಿಪ್ ಅಲ್ಲೇ ನಿಂತಿದ್ದು, ಒಂದೂ ಬಿಡಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: "ಹೇಗೆ ಅಂತ ಹೇಳಿದ್ದೀಯ, ಯಾಕೆ ಅಂತ ಹೇಳಿಲ್ಲ." 20ಕ್ಕೆ 5.

ಮನೆಗೆ ಬಂದು ಅತ್ತೆ. ಆಮೇಲೆ ಅದೇ ಉತ್ತರ ಆರು ಸಲ ಬರೆದೆ. ದೇಶಗಳು ಕಟ್ಟಿಕೊಂಡಿದ್ದ ಒಕ್ಕೂಟಗಳು, ಬ್ರಿಟನ್ ಮತ್ತು ಜರ್ಮನಿಯ ಯುದ್ಧಹಡಗಿನ ಪೈಪೋಟಿ, ಬಾಲ್ಕನ್ ಜಗಳ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ ನಿಂತದ್ದು. ಇಷ್ಟೆಲ್ಲ ಆದ ಮೇಲೆ ಆ ಗುಂಡು. ಆರನೇ ಸಲ 17 ಬಂತು. ಆ ಹಾಳೆಗಳು ಇನ್ನೂ ನನ್ನ ಹತ್ತಿರ ಇವೆ.

ಕೊನೆ ಬೆಂಚು: ನಾನು ಬೇಡ ಅಂತಲೇ ಹೇಳೋದು. 240 ಇಸವಿಗಳನ್ನು ಚೀಟಿ ಮಾಡಿ ಉರು ಹೊಡೆದೆ. ದಿನಾ ಬೆಳಿಗ್ಗೆ ಒಂದು ಗಂಟೆ, ಐದು ತಿಂಗಳು. ಅಷ್ಟರಲ್ಲಿ ಲೆಕ್ಕ 88ರಿಂದ 61ಕ್ಕೆ ಬಿತ್ತು. ಪೇಪರಿನಲ್ಲಿ ನೇರವಾಗಿ ಕೇಳಿದ್ದು ನಾಲ್ಕೇ ಇಸವಿ. ಗಾಬರಿಯಲ್ಲಿ ಲೂಥರ್ ಚರ್ಚಿನ ವಿರುದ್ಧ ದನಿ ಎತ್ತಿದ 1517 ಅನ್ನು 1571 ಮಾಡಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ರಷ್ಯಾದ ಅಕ್ಟೋಬರ್ ಕ್ರಾಂತಿಗೆ 1917ರ ನವೆಂಬರ್ 7 ಅಂತ ಬರೆದಿದ್ದೆ. ಅವರ ಉತ್ತರದಲ್ಲಿ ಅಕ್ಟೋಬರ್ 25 ಇತ್ತು ಅಂತ ಸೊನ್ನೆ ಹಾಕಿದರು. ಎರಡೂ ಒಂದೇ ದಿನ! ಮರುಮೌಲ್ಯಮಾಪನಕ್ಕೆ ಹಾಕಿ ಮೂರು ವಾರ ಕಾದೆ. ಬದಲಾವಣೆ ಇಲ್ಲ ಅಂತ ಬಂತು. ಒಂದೇ ಒಂದು ಮಾರ್ಕಿನಲ್ಲಿ ಫಸ್ಟ್ ಕ್ಲಾಸ್ ಹೋಯಿತು.

ಚಾಕ್‌ಪೀಸ್: ನಾನು 19 ವರ್ಷ ಇತಿಹಾಸ ಪಾಠ ಮಾಡಿದವನು. ಕೊನೆ ಬೆಂಚು ಅವರೇ, ಬೇಜಾರು ಮಾಡ್ಕೋಬೇಡಿ, ತಪ್ಪು ವಿಷಯದ್ದಲ್ಲ, ಓದಿದ ರೀತಿಯದ್ದು. ಯಾವುದರ ಹಿಂದೆ ಯಾವುದು ಬಂತು ಅಂತ ಗೊತ್ತಾಗೋಕೆ ಇಸವಿ ಬೇಕು. ಪ್ರತಿ ವರ್ಷ ಮಕ್ಕಳು ಬರೆಯೋದು ಇದು: ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಆಯಿತು, ಜರ್ಮನಿಯ ದುಡ್ಡಿಗೆ ಬೆಲೆ ಹೋಯಿತು, ಹಿಟ್ಲರ್ ಬಂದ. ಪಕ್ಕದಲ್ಲಿ ಇಸವಿ ಹಾಕಿ ನೋಡಿ. ಒಪ್ಪಂದ 1919. ದುಡ್ಡಿಗೆ ಬೆಲೆ ಹೋಗಿದ್ದು 1923. ಹಿಟ್ಲರ್ ಚಾನ್ಸಲರ್ ಆಗಿದ್ದು 1933. ನಡುವೆ ಹತ್ತು ವರ್ಷ ಏನಾಯಿತು? 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಿದ್ದಿದ್ದು ಶೇ 2.6 ಮತ. 1932ರ ಜುಲೈ ಹೊತ್ತಿಗೆ ಶೇ 37. ಮಧ್ಯದಲ್ಲಿ 1929ರ ಆರ್ಥಿಕ ಕುಸಿತ ಬಂತು, ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. ಬೆರಳೆಣಿಕೆಯ ಇಸವಿ ಸಾಕು, ಉತ್ತರ ತಾನಾಗಿ ಬರುತ್ತದೆ. 240 ಯಾಕೆ ಬೇಕಿತ್ತು?

ಕೊನೆ ಬೆಂಚು: ಆ ಬೆರಳೆಣಿಕೆ ಯಾವುದು ಅಂತ ನಮಗೆ ಯಾರು ಹೇಳಿದ್ರು ಸರ್? ನಮ್ಮ ಕ್ಲಾಸಿನಲ್ಲಿ ಪುಸ್ತಕ ಓದಿಸಿ, ಗೆರೆ ಎಳೆಸಿ ಹೋಗುತ್ತಿದ್ದರು. ಎಲ್ಲ ಆದ ಮೇಲೆ ಓದಿದ ರೀತಿ ತಪ್ಪು ಅನ್ನೋದು ಸುಲಭ.

ಹುಡುಗಿಯ ಅಮ್ಮ: ನಿಧಾನ ಬರೆಯೋ ಮಕ್ಕಳ ಬಗ್ಗೆ ಯಾರಾದರೂ ಹೇಳ್ತೀರಾ?

ಬಿಟ್ಟು ಬಂದವಳು: ನನ್ನ ಕಥೆ ಕೇಳಿ ಅಕ್ಕ. ಇತಿಹಾಸ ತಗೊಂಡು ಏನ್ ಮಾಡ್ತೀಯ ಅಂತ ಮನೆಯವರೆಲ್ಲ ಕೇಳಿದರು. ಕಂಪ್ಯೂಟರ್ ತಗೊಂಡೆ. ಕೆಲಸ ಸಿಕ್ಕಿತು, ಇಲ್ಲ ಅನ್ನಲ್ಲ. ಮೊನ್ನೆ ಮಗನಿಗೆ ಫ್ರೆಂಚ್ ಕ್ರಾಂತಿ ಓದಿಸ್ತಾ ಕೂತಿದ್ದೆ. 1789ರ ಜುಲೈ 14ಕ್ಕೆ ಬಾಸ್ಟೀಲ್ ಕೋಟೆಯಲ್ಲಿದ್ದ ಕೈದಿಗಳು ಬರೀ 7 ಜನ ಅಂತೆ. ಜನ ನುಗ್ಗಿದ್ದು ಮುಖ್ಯವಾಗಿ ಬಂದೂಕಿನ ಮದ್ದಿಗೆ. ಇಷ್ಟು ವರ್ಷ ನೂರಾರು ಕೈದಿಗಳನ್ನು ಬಿಡಿಸಿದರು ಅಂದ್ಕೊಂಡಿದ್ದೆ. ರಾತ್ರಿ ಅವನು ಮಲಗಿದ ಮೇಲೂ ಆ ಪುಸ್ತಕ ಓದ್ತಾ ಕೂತೆ. ಹೊಟ್ಟೆ ಉರಿಯಿತು.

ನೀಲಿ ಶಾಯಿ: ಪುಸ್ತಕ ಈಗಲೂ ಓದಬಹುದಲ್ವಾ? ಪರೀಕ್ಷೆ ಬರೆದವರ ಕಷ್ಟ ಬೇರೆ. ಎರಡೂವರೆ ಗಂಟೆ ಬರೆದು ನನ್ನ ಬೆರಳು ಮಡಚೋಕೆ ಆಗ್ತಿರಲಿಲ್ಲ.

ಬಿಟ್ಟು ಬಂದವಳು: ಬೆರಳು ನೋವು ಎರಡು ದಿನಕ್ಕೆ ಹೋಗುತ್ತೆ. ನನಗೆ ಇಪ್ಪತ್ತು ವರ್ಷ ಹೋಯಿತು. ಸುಮ್ನೆ ಹೋಲಿಸಬೇಡಿ.

ಚಾಕ್‌ಪೀಸ್: ಅಮ್ಮನವರೇ, ನಿಧಾನದವರು ಕೆಡೋದು ಕೈಯಿಂದಲ್ಲ, ಮೊದಲ ಉತ್ತರಕ್ಕೇ ಅರ್ಧ ಹೊತ್ತು ಕೊಡೋದರಿಂದ. ಐದು ನಿಮಿಷ ಕೂತು ಪ್ರತಿ ಉತ್ತರಕ್ಕೂ ಮೂರು ಕಾರಣ ಗುರುತು ಹಾಕಿಕೊಳ್ಳಲಿ. ಒಂದು ಕಾರಣಕ್ಕೆ ಒಂದು ಪ್ಯಾರಾ. ಪೀಠಿಕೆ ಎರಡು ಸಾಲು ಸಾಕು. ಎರಡು ಪುಟದಲ್ಲಿ ಪೂರ್ತಿ ಮಾರ್ಕ್ ತಗೊಂಡವರನ್ನು ನೋಡಿದ್ದೇನೆ.

ಗಡಿಯಾರ: ನವೆಂಬರ್ 7ರ ವಿಷಯ. ರಷ್ಯಾದಲ್ಲಿ ಆಗ ಇದ್ದದ್ದು ಹಳೇ ಜೂಲಿಯನ್ ಕ್ಯಾಲೆಂಡರ್, ನಮ್ಮ ಈಗಿನ ಕ್ಯಾಲೆಂಡರಿಗಿಂತ 13 ದಿನ ಹಿಂದೆ. 1918ರ ಜನವರಿ 31ರ ಮಾರನೇ ದಿನವೇ ಫೆಬ್ರವರಿ 14 ಮಾಡಿಕೊಂಡರು. ಅಂದರೆ ಕ್ರಾಂತಿ ಆದಾಗ ಅಲ್ಲಿ ಅಕ್ಟೋಬರೇ. ಹೆಸರಲ್ಲೇ ಅಕ್ಟೋಬರ್ ಇರುವಾಗ ನವೆಂಬರ್ ಅಂತ ಬರೆದರೆ ಮಾರ್ಕ್ ಹೇಗೆ ಕೊಡ್ತಾರೆ?

ಕೊನೆ ಬೆಂಚು: ಸೋವಿಯತ್ ಒಕ್ಕೂಟದವರೇ ಪ್ರತಿ ವರ್ಷ ನವೆಂಬರ್ 7ಕ್ಕೆ ಆಚರಿಸುತ್ತಿದ್ದರು. ಅವರಿಗೆ ಸರಿ, ನನ್ನ ಪೇಪರಿಗೆ ತಪ್ಪಾ? ಪಕ್ಕದಲ್ಲಿ 'ಹೊಸ ಕ್ಯಾಲೆಂಡರ್ ಪ್ರಕಾರ' ಅಂತಲೂ ಬರೆದಿದ್ದೆ.

ಗಡಿಯಾರ: ಅದನ್ನ ಮೊದಲೇ ಹೇಳಬೇಕಿತ್ತು.

ಕೊನೆ ಬೆಂಚು: ನೀವು ಕೇಳಿದ್ರಾ?

ಚಾಕ್‌ಪೀಸ್: ಹಾಗೆ ಬರೆದಿದ್ದರೆ ಪೂರ್ತಿ ಮಾರ್ಕ್ ನಿಮ್ಮದೇ. ನನ್ನ ಕೈಗೆ ಬಂದಿದ್ದರೆ ಕೊಡುತ್ತಿದ್ದೆ.

ಕೊನೆ ಬೆಂಚು: ಈ ಮಾತನ್ನ ಆಗ ಒಬ್ಬರೂ ಹೇಳಲಿಲ್ಲ ಸರ್.