ಅಪ್‌ಡೇಟ್: ಬೀದರ್‌ನಲ್ಲಿ ಓಲ್ಡ್ ಫ್ಯಾಷನ್ಡ್ ಕುಡಿದೆ

ಕಲಬುರಗಿಯಿಂದ ಎರಡು ದಿನ ಬೀದರ್ ನೋಡಲು ಹೋಗುತ್ತಿದ್ದೇನೆ, ಅಲ್ಲಿ ಒಳ್ಳೆಯ ಓಲ್ಡ್ ಫ್ಯಾಷನ್ಡ್ (ವಿಸ್ಕಿಯ ಕಾಕ್‌ಟೇಲ್) ಸಿಗುತ್ತಾ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದೆ.

ಹಗಲು ಕೋಟೆ, ಅಷ್ಟೂರಿನ ಗುಂಬಜ್‌ಗಳು. ಸಂಜೆ ಬಾರ್. ಮೊದಲನೆಯದರಲ್ಲಿ ವಿಸ್ಕಿಗೆ ನಿಂಬೆರಸ, ಸೋಡಾ ಹಾಕಿಕೊಟ್ಟರು. ಅದು ಬೇರೆಯದೇ ಆಯ್ತು. ಎರಡನೆಯದರಲ್ಲಿ ಬಿಟರ್ಸ್ (ಇದಕ್ಕೆ ಹನಿಹನಿಯಾಗಿ ಹಾಕುವ, ಗಿಡಮೂಲಿಕೆಗಳ ಕಹಿ ಸಾರ) ಇಲ್ಲ ಅಂತ ಮೊದಲೇ ಹೇಳಿದರು. ಆ ನೇರ ಮಾತು ಇಷ್ಟವಾಯಿತು.

ಬಿಟರ್ಸ್ ಬಾಟಲಿ ಜೊತೆಗೇ ಒಯ್ಯಿರಿ ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಲ್ಲ, ಅದೇ ಕೈಹಿಡಿಯಿತು. ಮೂರನೆಯ ಬಾರ್‌ನಲ್ಲಿ ಮಾಲೀಕರನ್ನು ಕೇಳಿ, ಡ್ರಿಂಕ್ ಮಾಡುವ ಹುಡುಗನ ಕೈಗೆ ಬಾಟಲಿ ಕೊಟ್ಟೆ. ಒಂದು ಚಮಚ ಸಕ್ಕರೆ, ಚೂರು ಬಿಟರ್ಸ್, ಚೂರು ನೀರು. ಸಕ್ಕರೆ ಕರಗಿದ ಮೇಲೆ 60 ಎಂಎಲ್ ವಿಸ್ಕಿ, ದೊಡ್ಡ ಐಸ್. ಬರ್ಬನ್ (ಅಮೆರಿಕದ ಜೋಳದ ವಿಸ್ಕಿ) ಇರಲಿಲ್ಲ, ನಮ್ಮ ದೇಶದ್ದೇ ಸಿಂಗಲ್ ಮಾಲ್ಟ್ ಹಾಕಿದೆವು. ಶೇಕ್ ಮಾಡಬಾರದು, ನಿಧಾನಕ್ಕೆ ಕಲಕಬೇಕು. ಕೊನೆಗೆ ಕಿತ್ತಳೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡಬೇಕು. ಆ ಸಿಪ್ಪೆಯ ಎಣ್ಣೆಯ ಘಮ ಇಲ್ಲದಿದ್ದರೆ ಅರ್ಧ ರುಚಿಯೇ ಇಲ್ಲ.

1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಅಂತ ಬರೆದಿತ್ತು. ನಮ್ಮ ಗ್ಲಾಸಿನಲ್ಲೂ ಇದ್ದದ್ದು ಅಷ್ಟೇ ಅಲ್ವಾ! ತುಂಬಾ ಚೆನ್ನಾಗಿತ್ತು. ಒಂದೇ ಕುಡಿದು ರೂಮಿಗೆ ನಡೆದುಕೊಂಡೇ ಹೋದೆ. ಬಾಟಲಿಯನ್ನು ಆ ಹುಡುಗನಿಗೇ ಕೊಟ್ಟು ಬಂದಿದ್ದೇನೆ.